ಪುಸ್ತಕ ವಿತರಣೆಯಷ್ಟೇ ಸಾಲದು: ಮಕ್ಕಳ ಮೇಲಿನ ಪೀಡನೆ ತಡೆಯಲು ಸಂಘ-ಸಂಸ್ಥೆಗಳೂ ಕೈಜೋಡಿಸಲಿ

ಜೂನ್ ತಿಂಗಳು ಬಂತೆಂದರೆ ಮುಂಬಯಿ ಮತ್ತು ಉಪನಗರಗಳ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಲ್ಲಿ ಉಚಿತ ನೋಟ್ ಪುಸ್ತಕ ವಿತರಣೆ, ವಿದ್ಯಾರ್ಥಿ ವೇತನ, ದತ್ತು ಸ್ವೀಕಾರ, ಪ್ರತಿಭಾ ಪುರಸ್ಕಾರಗಳ ಸಾಲು ಸಾಲು ಕಾರ್ಯಕ್ರಮಗಳು ಆರಂಭವಾಗುತ್ತವೆ. ಕೊಡುಗೈ ದಾನಿಗಳಿಗೆ ಕೊರತೆಯಿಲ್ಲ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನು ತೆರೆದ ಹಿರಿಯರ ಪರಂಪರೆಯೇ ಇಂದಿಗೂ ಈ ರೂಪದಲ್ಲಿ ಮುಂದುವರಿದಿದೆ ಎನ್ನಬಹುದು. ಇದು ನಿಜಕ್ಕೂ ಶ್ಲಾಘನೀಯ. ಆದರೆ ವೇದಿಕೆಯ ಮೇಲೆ ಶೇಕಡಾ 90 ಅಂಕ ಪಡೆದ ಮಗುವಿಗೆ ಶಾಲು ಹೊದಿಸಿ ಫೋಟೊ ತೆಗೆಸುವ ಪದಾಧಿಕಾರಿಗಳಲ್ಲಿ, ಶಾಲೆಯಲ್ಲಿ ನಿನ್ನ ದಿನಗಳು ಹೇಗೆ ಕಳೆದವು ಎಂದು ಆ ಮಗುವನ್ನು ಕೇಳುವವರು ಎಷ್ಟು ಮಂದಿ? ಅಂಕ ಕಡಿಮೆಯಾದ ಕಾರಣಕ್ಕೆ ವೇದಿಕೆಯ ತನಕ ಬಾರದೆ ಮನೆಯಲ್ಲೇ ಉಳಿದ ಮಗುವಿನ ಅಂಕ ಯಾಕೆ ಇಳಿಯಿತೆಂದು ವಿಚಾರಿಸುವವರು ಇನ್ನೂ ಕಡಿಮೆ.

ಅಂಕ ಇಳಿಯುವುದಕ್ಕೆ, ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೇ ಹೊಟ್ಟೆ ನೋವು ಬರುವುದಕ್ಕೆ, ಕಂಪಾಸ್ ಪೆಟ್ಟಿಗೆ ಮತ್ತೆ ಮತ್ತೆ ‘ಕಳೆದುಹೋಗು’ವುದಕ್ಕೆ, ಟಿಫಿನ್ ಡಬ್ಬಿ ತಿಂಡಿಯ ಸಮೇತ ಮನೆಗೆ ಮರಳುವುದಕ್ಕೆ ಅನೇಕ ಸಲ ಕಾರಣ ಒಂದೇ ಆಗಿರುತ್ತದೆ. ಶಾಲೆಯಲ್ಲೋ ಬಸ್ಸಿನಲ್ಲೋ ಕಟ್ಟಡದ ಅಂಗಳದಲ್ಲೋ ಯಾರೋ ಆ ಮಗುವನ್ನು ದಿನನಿತ್ಯ ಪೀಡಿಸುತ್ತಿರುತ್ತಾರೆ. ಇಂಗ್ಲಿಷಿನಲ್ಲಿ ‘ಬುಲ್ಲಿಯಿಂಗ್’ ಎನ್ನುವ ಈ ಪಿಡುಗಿಗೆ ಕನ್ನಡದಲ್ಲಿ ಇನ್ನೂ ಒಂದು ನಿಶ್ಚಿತ ಪದ ನೆಲೆಗೊಂಡಿಲ್ಲ. ‘ಕೀಟಲೆ’ ಎಂದರೆ ಆಟದಂತೆ ಕೇಳಿಸುತ್ತದೆ, ‘ದೌರ್ಜನ್ಯ’ ಎಂದರೆ ಪೊಲೀಸ್ ಠಾಣೆಯ ಮಾತಾಗುತ್ತದೆ. ನಡುವಿನ ಪದ ಇಲ್ಲದ ಕಾರಣವೋ ಏನೋ, ಮನೆಯವರಿಗೆ ಹೇಳಲು ಹೊರಟ ಮಗುವಿನ ದೂರು ‘ಮಕ್ಕಳಾಟ ಬಿಡು’ ಎಂಬಲ್ಲಿಗೆ ಮುಗಿದುಬಿಡುತ್ತದೆ.

ಮಕ್ಕಳಾಟಕ್ಕೂ ಪೀಡನೆಗೂ ಇರುವ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಮೊದಲಿಗರು ನಾರ್ವೆಯಲ್ಲಿ ಅಧ್ಯಯನ ನಡೆಸಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್. ಬೇಕೆಂದೇ ನೋಯಿಸುವುದು, ಅದನ್ನು ಮತ್ತೆ ಮತ್ತೆ ಮಾಡುವುದು, ನೋಯಿಸಿಕೊಳ್ಳುವವರಿಗೆ ಎದುರಿಸಿ ನಿಲ್ಲುವ ಬಲ ಇಲ್ಲದಿರುವುದು ಇವು ಮೂರೂ ಸೇರಿದರೆ ಅದು ಆಟವಲ್ಲ ಎಂದು ಅವರು ಹೇಳಿದರು. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಸಹಪಾಠಿಗಳ ಪೀಡನೆಯಿಂದ ನೊಂದು ಆತ್ಮಹತ್ಯೆ ಮಾಡಿಕೊಂಡರೆಂಬ ಸುದ್ದಿ ಆ ದೇಶವನ್ನೇ ಅಲುಗಾಡಿಸಿತು. ಮರುವರ್ಷವೇ ರಾಷ್ಟ್ರವ್ಯಾಪಿ ಅಭಿಯಾನ ಆರಂಭವಾಯಿತು. ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಓಲ್ವೆಯಸ್ ಎರಡೂವರೆ ವರ್ಷ ಗಮನಿಸಿದಾಗ ಪೀಡನೆಯ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಶಿಕ್ಷಕರು, ಹೆತ್ತವರು, ಮಕ್ಕಳು ಮೂವರನ್ನೂ ಒಂದೇ ಕೆಲಸದಲ್ಲಿ ತೊಡಗಿಸಿದ್ದು ಇದಕ್ಕೆ ಕಾರಣ. ಮಕ್ಕಳು ಎಂದ ಮೇಲೆ ಇದೆಲ್ಲ ಇರುವುದೇ, ಯಾರೂ ಏನೂ ಮಾಡಲಾಗದು ಎಂಬ ವಾದಕ್ಕೆ ಅಂದೇ ಉತ್ತರ ಸಿಕ್ಕಿತ್ತು.

ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ. 1960ರ ದಶಕದ ಉತ್ತರಾರ್ಧದಲ್ಲಿ ಈ ನಗರದಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಚಳವಳಿ ನಡೆದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ಕಂಡ ಹಿರಿಯರು ಇಂದಿಗೂ ಇದ್ದಾರೆ. ಅಂದು ಅವರನ್ನು ಉಳಿಸಿದ್ದು ಸಹನೆ. ತಲೆ ತಗ್ಗಿಸಿ ದುಡಿದರು, ಒಡೆದ ಗಾಜು ಬದಲಾಯಿಸಿದರು, ಮರಾಠಿ ಕಲಿತರು, ನೆರೆಯವರ ವಿಶ್ವಾಸ ಗಳಿಸಿದರು. ಕರ್ಮಭೂಮಿಯಲ್ಲಿ ಇಂದು ಅವರಿಗಿರುವ ಗೌರವ ಆ ಸಹನೆಯ ಫಲ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಲ್ಲಾದಲ್ಲಿ ಕುಳಿತ ನಲುವತ್ತರ ಗಂಡಸಿಗೆ ನೆರವಾದ ಸಹನೆಯನ್ನೇ ಹನ್ನೊಂದು ವರ್ಷದ ಮಗುವಿಗೂ ಔಷಧವೆಂದು ಕೊಡುವುದು ಎಷ್ಟು ಸರಿ? ‘ನಾವೆಷ್ಟು ಸಹಿಸಿಲ್ಲ, ನಿನಗೆ ಅಷ್ಟೂ ಆಗದೇ?’ ಎಂಬ ಮಾತು ಅಜ್ಜನಿಂದ ತಂದೆಗೆ, ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿದು ಬಂದಿದೆ. ಅಂದಿನ ಹಿರಿಯರ ಬೆನ್ನಿಗೆ ಊರವರಿದ್ದರು, ಸಂಘವಿತ್ತು, ರಾತ್ರಿ ಮಲಗುವಾಗ ಪಕ್ಕದಲ್ಲಿ ಕಷ್ಟ ಹಂಚಿಕೊಳ್ಳುವ ಹತ್ತು ಮಂದಿ ಇದ್ದರು. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತ ಮಗುವಿಗೆ ಅದ್ಯಾವುದೂ ಇಲ್ಲ.

ಸಂಜೆ ಮನೆಗೆ ಬಂದರೂ ಅದಕ್ಕೆ ಬಿಡುಗಡೆಯಿಲ್ಲ. ತರಗತಿಯ ವಾಟ್ಸಾಪ್ ಬಳಗದಲ್ಲಿ ಅದರದ್ದೇ ಫೋಟೊಕ್ಕೆ ಕೊಂಬು ಅಂಟಿಸಿರುತ್ತಾರೆ. ಮೈಬಣ್ಣ, ಉಚ್ಚಾರ, ಅಪ್ಪನ ಕೆಲಸ, ಡಬ್ಬಿಯ ಇಡ್ಲಿ ಹೀಗೆ ಗೇಲಿಗೆ ಯಾವುದಾದರೂ ಸಾಕು. ಹೋಟೆಲು ಮುಚ್ಚಿ ತಂದೆ ಮನೆ ಸೇರುವಾಗ ರಾತ್ರಿ ಒಂದು ಗಂಟೆ, ತಾಯಿ ಲೋಕಲ್ ರೈಲಿನಲ್ಲಿ ನಿಂತು ಬಂದು ಅಡುಗೆ ಮನೆ ಹೊಕ್ಕಿರುತ್ತಾಳೆ. ಯಾರಿಗೆ ಹೇಳಬೇಕು? ಜಗತ್ತಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬ ವಿದ್ಯಾರ್ಥಿ ಹಿಂದಿನ ಒಂದು ತಿಂಗಳಲ್ಲಿ ಪೀಡನೆಗೆ ಒಳಗಾಗಿದ್ದಾನೆ ಎಂದು ಯುನೆಸ್ಕೊ 2019ರ ವರದಿಯಲ್ಲಿ ಹೇಳಿದೆ. ಸಂಘದ ಪುಸ್ತಕ ವಿತರಣೆಗೆ ಬರುವ ಮಕ್ಕಳು ಈ ಲೆಕ್ಕದ ಹೊರಗಿದ್ದಾರೆಂದು ಭಾವಿಸಲು ಕಾರಣವಿಲ್ಲ.

ಪರಿಹಾರ ಹುಡುಕಲು ನಾರ್ವೆಗೇ ಹೋಗಬೇಕಾಗಿಲ್ಲ. ಮುಂಬಯಿಯಲ್ಲೇ ನಡೆದ ಎರಡು ಪ್ರಯೋಗಗಳು ಸಂಘ-ಸಂಸ್ಥೆಗಳ ಪದಾಧಿಕಾರಿಗಳು ತಿಳಿದಿರಬೇಕಾದವು. ಒಂದು ‘ಪರಿವರ್ತನ್’. ಸಚಿನ್ ತೆಂಡುಲ್ಕರ್ ಮತ್ತು ವಿನೋದ್ ಕಾಂಬ್ಳಿ 1988ರಲ್ಲಿ 664 ರನ್‌ಗಳ ಜತೆಯಾಟ ಆಡಿದ ಹ್ಯಾರಿಸ್ ಶೀಲ್ಡ್ ಪಂದ್ಯಾವಳಿಯನ್ನು ನಡೆಸುವ ಮುಂಬಯಿ ಶಾಲಾ ಕ್ರೀಡಾ ಸಂಸ್ಥೆ, ಮಹಿಳೆಯರ ಕುರಿತ ಅಂತಾರಾಷ್ಟ್ರೀಯ ಸಂಶೋಧನಾ ಕೇಂದ್ರ, ಗೋವಂಡಿಯ ಶಿವಾಜಿ ನಗರದಲ್ಲಿ ಕೆಲಸ ಮಾಡುವ ಅಪ್ನಾಲಯ ಮೊದಲಾದವು ಸೇರಿ 2010ರ ಸುಮಾರಿಗೆ ಇದನ್ನು ನಡೆಸಿದವು. ಇದರಲ್ಲಿ ಉಪನ್ಯಾಸಕರು ಬರಲಿಲ್ಲ, ಬ್ಯಾನರ್ ಕಟ್ಟಲಿಲ್ಲ. ಶಾಲಾ ಹುಡುಗರಿಗೆ ಕ್ರಿಕೆಟ್ ಕಲಿಸುವ ಕೋಚ್‌ಗಳಿಗೇ ತರಬೇತಿ ಕೊಟ್ಟು, ಅಭ್ಯಾಸದ ನಡುವೆ ಸ್ವಲ್ಪ ಹೊತ್ತು ಹುಡುಗರ ಜತೆ ಮಾತಾಡಲು ಹೇಳಲಾಯಿತು. ಹೆಣ್ಣುಮಕ್ಕಳನ್ನು ಕೀಳಾಗಿ ಆಡುವ ಮಾತು, ಸಿಟ್ಟು ಬಂದಾಗ ಕೈ ತಡೆಯುವುದು, ಗೆಳೆಯ ಯಾರನ್ನಾದರೂ ಪೀಡಿಸುವಾಗ ಸುಮ್ಮನೆ ನಿಂತು ನೋಡದಿರುವುದು ಇವೇ ಅಲ್ಲಿನ ಪಾಠ. ಹತ್ತರಿಂದ ಹದಿನಾರು ವರ್ಷದ ಹುಡುಗ ತಂದೆಯ ಮಾತು ಕೇಳದಿದ್ದರೂ ಕೋಚ್ ಮಾತು ಕೇಳುತ್ತಾನೆ ಎಂಬುದು ಇದರ ಹಿಂದಿದ್ದ ಸರಳ ಲೆಕ್ಕ.

ಇನ್ನೊಂದು, 2008ರಿಂದ 2010ರ ತನಕ ಮಹಾನಗರ ಪಾಲಿಕೆಯ ಶಾಲೆಗಳಲ್ಲಿ ನಡೆದ ‘ಜೆಮ್ಸ್’ ಕಾರ್ಯಕ್ರಮ. ಮೇಲೆ ಹೇಳಿದ ಸಂಶೋಧನಾ ಕೇಂದ್ರದ ಜತೆ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮತ್ತು ಚೆಂಬೂರಿನ ಕೋರೊ ಸಂಸ್ಥೆ ಕೈಜೋಡಿಸಿದ್ದವು. ಆರು ಮತ್ತು ಏಳನೆಯ ತರಗತಿಯ ಮಕ್ಕಳೇ ಇದರ ಕೇಂದ್ರ. ಕೆಲವು ಶಾಲೆಗಳಲ್ಲಿ ಬರೇ ಅಭಿಯಾನ ನಡೆಯಿತು, ಕೆಲವು ಶಾಲೆಗಳಲ್ಲಿ ಅಭಿಯಾನದ ಜತೆಗೆ ತರಗತಿಯೊಳಗೆ ಚರ್ಚೆ, ಆಟ, ಪಾತ್ರಾಭಿನಯ ನಡೆದವು. ಹೆಣ್ಣು-ಗಂಡಿನ ಸಮಾನತೆಯ ಬಗ್ಗೆ ಮಕ್ಕಳ ಧೋರಣೆ ಹೆಚ್ಚು ಬದಲಾದದ್ದು ಎರಡನೆಯ ಬಗೆಯ ಶಾಲೆಗಳಲ್ಲಿ. ಚೆಂಬೂರು, ಗೋವಂಡಿ, ದೇವನಾರ್ ತುಳು-ಕನ್ನಡಿಗರಿಗೆ ಅಪರಿಚಿತ ಜಾಗಗಳಲ್ಲ. ಮಗ್ಗುಲಲ್ಲೇ ಇಷ್ಟೆಲ್ಲ ನಡೆದರೂ ಸಂಘಗಳ ವಾರ್ಷಿಕ ವರದಿಗಳಲ್ಲಿ ಇದರ ಸುಳಿವು ಕಾಣದಿರುವುದು ವಿಪರ್ಯಾಸ.

ಈ ಪ್ರಯೋಗಗಳನ್ನು ಪವಾಡವೆಂದು ಹೊಗಳಬೇಕಾಗಿಲ್ಲ. ಪರಿವರ್ತನ್‌ನ ಫಲಿತಾಂಶವನ್ನು ಪರಿಶೀಲಿಸಿದವರಿಗೆ ಹುಡುಗರ ಧೋರಣೆ ಸುಧಾರಿಸಿದ್ದು ಕಂಡಿತು, ವರ್ತನೆಯಲ್ಲಿ ಅಷ್ಟೇ ಖಚಿತವಾದ ಬದಲಾವಣೆ ತೋರಿಸುವುದು ಕಷ್ಟವಾಯಿತು. ಯೋಚನೆ ಬದಲಾದ ಕೂಡಲೇ ಕೈ ಬದಲಾಗುವುದಿಲ್ಲ, ಅದಕ್ಕೆ ಕಾಲ ಬೇಕು. ಆದುದರಿಂದಲೇ ವರ್ಷಕ್ಕೊಮ್ಮೆ ಗಣ್ಯರನ್ನು ಕರೆಸಿ, ದೀಪ ಬೆಳಗಿಸಿ, ‘ಹಿಂಸೆ ಒಳ್ಳೆಯದಲ್ಲ’ ಎಂದು ಹೇಳಿಸಿ, ಉಪಾಹಾರ ಕೊಟ್ಟು ಕಳುಹಿಸುವ ವಿಚಾರ ಸಂಕಿರಣದಿಂದ ಏನೂ ಆಗದು. ಸಭಾಂಗಣದ ಮುಂದಿನ ಎರಡು ಸಾಲುಗಳಲ್ಲಿ ಪದಾಧಿಕಾರಿಗಳೇ ಕುಳಿತಿರುವ ಸಭೆಯಲ್ಲಿ ಯಾವ ಮಗುವೂ ಬಾಯಿ ಬಿಡುವುದಿಲ್ಲ.

ಕೋಚ್‌ಗಳನ್ನು ಆಯ್ದ ಲೆಕ್ಕವನ್ನೇ ಸಂಘಗಳಿಗೆ ಅನ್ವಯಿಸಿದರೆ ಅವುಗಳ ಬಳಿ ಎಂಥ ಸಂಪತ್ತಿದೆ ಎಂಬುದು ಗೊತ್ತಾಗುತ್ತದೆ. ಪ್ರತಿ ಭಾನುವಾರ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸುವ ಗುರುಗಳಿದ್ದಾರೆ. ಭಜನಾ ಮಂಡಳಿಯ ಹಿರಿಯ ಮಹಿಳೆಯರಿದ್ದಾರೆ. ಕ್ರಿಕೆಟ್, ತ್ರೋಬಾಲ್, ಹಗ್ಗಜಗ್ಗಾಟದ ತಂಡ ಕಟ್ಟುವ ಯುವ ವಿಭಾಗದವರಿದ್ದಾರೆ. ಇವರೆಲ್ಲರಿಗೂ ಮಕ್ಕಳ ಹೆಸರು ಗೊತ್ತು, ಮನೆ ಗೊತ್ತು. ತಾಳ ತಪ್ಪಿದ ಮಗು ಎಂದಿನಂತಿಲ್ಲ ಎಂಬುದನ್ನು ಮನೆಯವರಿಗಿಂತ ಮೊದಲು ಗುರುತಿಸುವವರು ಯಕ್ಷಗಾನದ ಗುರುಗಳೇ ಆಗಿರಬಹುದು. ಚೌಕಿಯಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತ ಕುಳಿತ ಹುಡುಗ ಮಾತಾಡುವಷ್ಟು ಸಲೀಸಾಗಿ ಪ್ರಾಂಶುಪಾಲರ ಕೋಣೆಯಲ್ಲಿ ಮಾತಾಡುವುದಿಲ್ಲ. ಆದರೆ ಆ ಮಾತು ಕೇಳಿಸಿಕೊಂಡ ಮೇಲೆ ಏನು ಮಾಡಬೇಕೆಂಬುದು ಗುರುಗಳಿಗೆ ತಿಳಿದಿರಬೇಕಲ್ಲ? ತರಬೇತಿ ಬೇಕಾದದ್ದು ಇಲ್ಲಿ. ಆಪ್ತ ಸಮಾಲೋಚಕರು, ಸಮಾಜಕಾರ್ಯ ವಿಭಾಗವಿರುವ ಕಾಲೇಜುಗಳು, ಮಕ್ಕಳ ಹಕ್ಕುಗಳ ಸಂಸ್ಥೆಗಳ ಜತೆ ಒಪ್ಪಂದ ಮಾಡಿಕೊಂಡು ಇಂಥ ಇಪ್ಪತ್ತು ಮಂದಿಗೆ ತರಬೇತಿ ಕೊಡಿಸುವುದು ದೊಡ್ಡ ಕೆಲಸವೇನಲ್ಲ. ಸಮಾಜದಲ್ಲಿ ವೈದ್ಯರು, ವಕೀಲರು ಬೇಕಾದಷ್ಟು ಮಂದಿ ಇದ್ದಾರೆ, ವಾರ್ಷಿಕೋತ್ಸವಕ್ಕೆ ಅತಿಥಿಗಳಾಗಿ ಮಾತ್ರ ಅವರನ್ನು ಕರೆಯುವ ಪದ್ಧತಿ ಬದಲಾಗಲಿ.

ಪಾಠ ಪೀಡಿತ ಮಗುವಿಗಷ್ಟೇ ಅಲ್ಲ, ಪೀಡಿಸುವ ಮಗುವಿಗಷ್ಟೂ ಅಲ್ಲ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಾಲಿ ಅವರ ಅಧ್ಯಯನಗಳು ಬೆರಳು ತೋರಿಸಿದ್ದು ಸುತ್ತ ನಿಂತು ನೋಡುವ ಮಕ್ಕಳ ಕಡೆಗೆ. ನಗುವವರಿದ್ದರೆ ಪೀಡಿಸುವವನಿಗೆ ಅದು ವೇದಿಕೆ, ನಗು ನಿಂತರೆ ಆಟವೂ ನಿಲ್ಲುತ್ತದೆ. ಅಲ್ಲಿ ರೂಪುಗೊಂಡು 2009ರಿಂದ ದೇಶದಾದ್ಯಂತ ಶಾಲೆಗಳಿಗೆ ಹೋದ ಕಾರ್ಯಕ್ರಮದ ಹೆಸರು ‘ಕಿವಾ’. ಆ ಭಾಷೆಯಲ್ಲಿ ಹಿತವಾದದ್ದು ಎಂದು ಅದರ ಅರ್ಥ. ಕನ್ನಡಿಗರಿಗೆ ‘ಕಿವಿ’ ಎಂದು ಕೇಳಿಸಿದರೂ ತಪ್ಪೇನಿಲ್ಲ. ನಾಟಕ ಸ್ಪರ್ಧೆಗಳಲ್ಲಿ ಬಹುಮಾನ ಗೆಲ್ಲುವ ಮುಂಬಯಿ ಕನ್ನಡಿಗರಿಗೆ ಹತ್ತು ನಿಮಿಷದ ಕಿರು ಪ್ರಹಸನದಲ್ಲಿ ಈ ವಿಷಯವನ್ನು ಮಕ್ಕಳಿಂದಲೇ ಆಡಿಸುವುದು ಕಷ್ಟವೇ? ಒಂದು ಸಲ ಪೀಡಿಸುವವನ ಪಾತ್ರ ಮಾಡಿದ ಮಗು ಮುಂದಿನ ಸಲ ಪೀಡಿತನ ಪಾತ್ರ ಮಾಡಲಿ. ನಡುವೆ ನಿಲ್ಲಿಸಿ, ಈಗ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಎದುರು ಕುಳಿತ ಮಕ್ಕಳನ್ನೇ ಕೇಳಲಿ.

ಪೀಡಿಸುವ ಮಗು ಯಾವಾಗಲೂ ಬೇರೆಯವರ ಮಗುವೇ ಆಗಿರುತ್ತದೆ ಎಂಬ ಭ್ರಮೆಯನ್ನೂ ಬಿಡಬೇಕಾಗುತ್ತದೆ. ‘ನಮ್ಮ ಮಕ್ಕಳು ಸಂಸ್ಕಾರವಂತರು’ ಎಂಬ ಮಾತು ಪ್ರತಿಯೊಂದು ಸಮಾರಂಭದಲ್ಲೂ ಕೇಳಿಬರುತ್ತದೆ. ಸಂಸ್ಕಾರವಂತರ ಮಕ್ಕಳೂ ಪರಪ್ರಾಂತದಿಂದ ಬಂದ ಬಡ ಹುಡುಗನನ್ನು ಅಡ್ಡ ಹೆಸರಿನಿಂದ ಕರೆಯುತ್ತಾರೆ. ಕಟ್ಟಡದ ಕಾವಲುಗಾರನ ಮಗನನ್ನು ಆಟಕ್ಕೆ ಸೇರಿಸುವುದಿಲ್ಲ. ಹುಡುಗಿಯ ಫೋಟೊ ಹಂಚಿಕೊಂಡು ನಗುತ್ತಾರೆ. ಒಂದು ಕಾಲದಲ್ಲಿ ‘ಮದ್ರಾಸಿ’ ಎಂದು ಕರೆಸಿಕೊಂಡವರ ಮೊಮ್ಮಕ್ಕಳು ಇಂದು ಇನ್ನೊಬ್ಬರನ್ನು ಹಾಗೆಯೇ ಕರೆಯುತ್ತಿದ್ದರೆ ಅದನ್ನು ಮೊದಲು ಹೇಳಬೇಕಾದವರು ಆ ಹಿರಿಯರೇ.

ಹನ್ನೆರಡನೆಯ ತರಗತಿ ಮುಗಿಸಿ ಮಂಗಳೂರು, ಮಣಿಪಾಲ, ಬೆಂಗಳೂರಿನ ಕಾಲೇಜುಗಳಿಗೆ ಹೋಗುವ ಮುಂಬಯಿ ಮಕ್ಕಳ ಸಂಖ್ಯೆ ಸಣ್ಣದಲ್ಲ. ಅಲ್ಲಿ ಇದೇ ಪೀಡೆಗೆ ರ‍್ಯಾಗಿಂಗ್ ಎಂದು ಹೆಸರು. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಚ್ರೂ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಬಲಿಯಾದ ಬಳಿಕ ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಕಟ್ಟುನಿಟ್ಟಿನ ನಿಯಮ ತಂದಿತು. ಪ್ರವೇಶದ ವೇಳೆ ವಿದ್ಯಾರ್ಥಿಯೂ ಹೆತ್ತವರೂ ರ‍್ಯಾಗಿಂಗ್ ವಿರುದ್ಧ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಎಷ್ಟು ಮಂದಿ ಅದನ್ನು ಓದಿ ಸಹಿ ಹಾಕುತ್ತಾರೆ? ಶುಲ್ಕದ ರಸೀದಿ, ಹಾಸ್ಟೆಲಿನ ಅರ್ಜಿಯ ನಡುವೆ ಅದೂ ಒಂದು ಕಾಗದ. 1800-180-5522 ಎಂಬ ಉಚಿತ ಸಹಾಯವಾಣಿ ಹಗಲೂ ರಾತ್ರಿಯೂ ಇದೆ. ಕರ್ನಾಟಕದಲ್ಲಿ 1983ರ ಶಿಕ್ಷಣ ಕಾಯ್ದೆಯಲ್ಲೇ ರ‍್ಯಾಗಿಂಗ್ ನಿಷೇಧವಿದೆ. ಮಹಾರಾಷ್ಟ್ರದ 1999ರ ಕಾಯ್ದೆಯಂತೆ ರ‍್ಯಾಗಿಂಗ್ ಮಾಡಿದವರಿಗೆ ಎರಡು ವರ್ಷಗಳ ತನಕ ಜೈಲು ಶಿಕ್ಷೆ, ಶಿಕ್ಷೆಯಾದವರಿಗೆ ಐದು ವರ್ಷ ಬೇರೆಲ್ಲೂ ಪ್ರವೇಶವಿಲ್ಲ. ವಿದ್ಯಾರ್ಥಿ ವೇತನದ ಚೆಕ್ಕಿನ ಜತೆಗೆ ಈ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಟ್ಟರೂ ಸಾಕಷ್ಟು ಪ್ರಯೋಜನವಾದೀತು.

ಕಾನೂನಿನ ವಿಷಯ ಬಂದಾಗ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಸಮಾಜದೊಳಗಿನ ತಕರಾರುಗಳನ್ನು ಹಿರಿಯರು ಕುಳಿತು ಮಾತಾಡಿ ಬಗೆಹರಿಸುವುದು ಸಂಘಗಳಲ್ಲಿ ಹಿಂದಿನಿಂದ ಬಂದ ಕ್ರಮ. ಆಸ್ತಿ, ಪಾಲುದಾರಿಕೆ, ದಾಂಪತ್ಯದ ಬಿರುಕುಗಳಲ್ಲಿ ಇದರಿಂದ ಒಳಿತೂ ಆಗಿದೆ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುಳಿವು ಸಿಕ್ಕಿದರೆ ಅಲ್ಲಿ ರಾಜಿಗೆ ಜಾಗವಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳ ತನಕ, ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದ ತನಕ ಶಿಕ್ಷೆಗೆ ಅವಕಾಶವಿದೆ. ‘ಮನೆತನದ ಮರ್ಯಾದೆ’ ಎಂಬ ಮಾತು ನ್ಯಾಯಾಲಯದಲ್ಲಿ ಯಾರನ್ನೂ ಕಾಪಾಡದು. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ 1098 ಸಂಖ್ಯೆ ಇದೆ. 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಇದೇ ಮುಂಬಯಿಯಲ್ಲಿ ಹುಟ್ಟಿ ದೇಶವ್ಯಾಪಿಯಾದ ಈ ಮಕ್ಕಳ ಸಹಾಯವಾಣಿಯನ್ನು 2023ರಿಂದ ಸರಕಾರವೇ ನಡೆಸುತ್ತಿದೆ.

ಶಾಲೆಗಳ ಒಳಗೂ ದಾರಿ ಇದೆ. ಮಹಾರಾಷ್ಟ್ರ ಸರಕಾರ 2022ರಲ್ಲಿ ಶಾಲೆಗಳಲ್ಲಿ ‘ಸಖಿ ಸಾವಿತ್ರಿ ಸಮಿತಿ’ ರಚಿಸುವಂತೆ ಆದೇಶಿಸಿತು. 2024ರ ಆಗಸ್ಟಿನಲ್ಲಿ ಬದ್ಲಾಪುರದ ಶಾಲೆಯೊಂದರಲ್ಲಿ ಪುಟ್ಟ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆದದ್ದು ಬೆಳಕಿಗೆ ಬಂದ ಮೇಲೆಯೇ ಈ ಸಮಿತಿಗಳು ಎಷ್ಟು ಶಾಲೆಗಳಲ್ಲಿ ನಿಜಕ್ಕೂ ಇವೆ ಎಂಬ ಪ್ರಶ್ನೆ ಜೋರಾಗಿ ಎದ್ದದ್ದು. ಕನ್ನಡಿಗರ ಶಿಕ್ಷಣ ಸಂಸ್ಥೆಗಳು ಈ ಮಹಾನಗರದಲ್ಲಿ ಹಲವಿವೆ. ಅಲ್ಲಿ ಸಮಿತಿ ಇದೆಯೇ, ಕಳೆದ ವರ್ಷ ಎಷ್ಟು ಸಲ ಸೇರಿತು, ದೂರು ಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇದೆ ಎಂದು ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಕೇಳಲಿ. ಲೆಕ್ಕಪತ್ರದ ಮೇಲೆ ಗಂಟೆಗಟ್ಟಲೆ ವಾದ ನಡೆಯುವ ಸಭೆಯಲ್ಲಿ ಇದಕ್ಕೆ ಐದು ನಿಮಿಷ ಸಿಗದೇ? ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಿಕ್ಷಕರ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನೂ ಅಲ್ಲೇ ನೆನಪಿಸಬಹುದು. ದೊಡ್ಡವರು ಕೈ ಎತ್ತುವ ಶಾಲೆಯಲ್ಲಿ ಮಕ್ಕಳಿಗೆ ಕೈ ಎತ್ತಬೇಡ ಎಂದರೆ ಯಾರು ಕೇಳುತ್ತಾರೆ?

ಆರಂಭಕ್ಕೆ ಮುಹೂರ್ತ ಬೇಕೆನ್ನುವವರಿಗೆ ಅದೂ ಇದೆ. ಶಾಲೆಗಳಲ್ಲಿನ ಹಿಂಸೆ ಮತ್ತು ಪೀಡನೆಯ ವಿರುದ್ಧದ ಅಂತಾರಾಷ್ಟ್ರೀಯ ದಿನವನ್ನು 2020ರಿಂದ ಪ್ರತಿ ನವೆಂಬರ್ ತಿಂಗಳ ಮೊದಲ ಗುರುವಾರ ಆಚರಿಸಲಾಗುತ್ತಿದೆ. ರಾಜ್ಯೋತ್ಸವದ ಸಡಗರದಲ್ಲಿ ಸಭಾಂಗಣಗಳು ಹೇಗೂ ಕಾದಿರಿಸಿರುತ್ತವೆ, ಮಕ್ಕಳ ದಿನಾಚರಣೆಯೂ ಅದೇ ತಿಂಗಳಲ್ಲಿ. ಆದರೆ ತರಬೇತಿ ಅದಕ್ಕೂ ಮೊದಲೇ ಮುಗಿದಿರಬೇಕು, ನವೆಂಬರ್ ಕಳೆದ ಮೇಲೂ ಭಾನುವಾರದ ತರಗತಿಗಳಲ್ಲಿ ಹದಿನೈದು ನಿಮಿಷದ ಮಾತುಕತೆ ಮುಂದುವರಿಯಬೇಕು. ಖರ್ಚಿನ ಚಿಂತೆಯೂ ಬೇಡ. ಒಂದು ಸಮಾರಂಭದಲ್ಲಿ ಶಾಲು, ಹಾರ, ಫಲವಸ್ತು, ಸ್ಮರಣಿಕೆಗೆ ವ್ಯಯವಾಗುವ ಹಣದಲ್ಲಿ ಇಪ್ಪತ್ತು ಮಂದಿಯ ತರಬೇತಿಯೂ ಕನ್ನಡದಲ್ಲಿ ಮಾತುಕತೆಯ ಕೈಪಿಡಿಯೂ ಆಗುತ್ತದೆ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ‘ಇತರ ವಿಷಯಗಳು’ ಎಂಬುದಕ್ಕಿಂತ ಮೇಲೆ ಒಂದು ಸಾಲು ಇದಕ್ಕೆ ಮೀಸಲಾಗಲಿ. ಆ ಸಭೆಗೆ ಯಕ್ಷಗಾನದ ಗುರುಗಳನ್ನೂ ಯುವ ವಿಭಾಗದ ತಂಡದ ನಾಯಕನನ್ನೂ ಕರೆಯಲು ಕಾರ್ಯದರ್ಶಿಗಳು ಮರೆಯದಿರಲಿ.